ಮೊದಲು ಯಾವ ತಿರುವು?

ಶ್ರೀರಂಗಪಟ್ಟಣದ ಪೂರ್ವಕ್ಕೆ, ಲೋಕಪಾವನಿಯ ದಡದಲ್ಲಿ, ಕರಿಘಟ್ಟವೆಂಬ ಬೆಟ್ಟವಿದೆ. ಅದರ ನೆತ್ತಿಯ ಮೇಲೆ ಶ್ರೀನಿವಾಸನ ಗುಡಿ. ಮೆಟ್ಟಿಲುಗಳನ್ನೇರಿ ಗುಡಿಯ ಮುಂದಿನ ಬಯಲಿನಲ್ಲಿ ನಿಂತವನಿಗೆ ಸುತ್ತಲಿನ ಸೀಮೆಯೆಲ್ಲ ಒಂದು ಪಟದಂತೆ ತೆರೆದುಕೊಳ್ಳುತ್ತದೆ. ಒಂದು ಕಡೆ ಕಾವೇರಿಯನ್ನು ಸೇರಲು ಹೊರಟ ಲೋಕಪಾವನಿ. ಇನ್ನೊಂದು ಕಡೆ ನದಿಯ ಎರಡು ಕವಲುಗಳ ನಡುವೆ ಮಲಗಿದ ಶ್ರೀರಂಗಪಟ್ಟಣ. ಉತ್ತರಕ್ಕೆ ಪಾಂಡವಪುರದ ಬಯಲು, ಅದರಾಚೆ ಕುಂತಿಬೆಟ್ಟದ ಬಂಡೆಗಳು. ಈ ಹಸುರಿನ ನಡುವೆ ಬೆಂಗಳೂರು-ಮೈಸೂರು ಹೆದ್ದಾರಿ ಬಿಗಿಯಾಗಿ ಎಳೆದ ಹಗ್ಗದಂತೆ ಹರಿದುಹೋಗಿದೆ.

ಹೆದ್ದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. 2023ರ ಮಾರ್ಚಿ ತಿಂಗಳಲ್ಲಿ ಅದು ಹೊಸ ರೂಪದಲ್ಲಿ ಉದ್ಘಾಟನೆಗೊಂಡಾಗ ನಾಡೇ ಅದರ ಮಾತನಾಡಿತು. ಅಲ್ಲಿ ಸಾವುಗಳು ಹೆಚ್ಚಿದಾಗಲೂ ನಾಡೇ ಮಾತನಾಡಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು. ವೇಗವನ್ನು ಅಳೆಯುವ ಕ್ಯಾಮರಾಗಳು ಬಂದವು. ಮರುವರ್ಷ ಸಾವುಗಳು ಗಣನೀಯವಾಗಿ ಇಳಿದವು. ದೊಡ್ಡ ರಸ್ತೆಗೆ ದೊಡ್ಡ ಗಮನ ಸಲ್ಲುವುದು ಸಹಜ. ಆದರೆ ಬೆಟ್ಟದ ಮೇಲಿನಿಂದ ಕಾಣದ ದಾರಿಗಳು ಇನ್ನೂ ಎಷ್ಟೋ ಇವೆ. ಕಬ್ಬಿನ ಗದ್ದೆಗಳ ನಡುವೆ, ಕೆರೆಯ ಏರಿಗಳ ಮೇಲೆ, ನಾಲೆಯ ಮಗ್ಗುಲಲ್ಲಿ ಸುತ್ತಿ ಬಳಸಿ ಸಾಗುವ ಹಳ್ಳಿಯ ದಾರಿಗಳು ಅವು. ಭಾರತದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆ ಅಪಘಾತಗಳಿಂದ 1,68,491 ಮಂದಿ ಮರಣಹೊಂದಿದರು. ಇವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಪ್ರಾಣಬಿಟ್ಟದ್ದು ಗ್ರಾಮಾಂತರ ಪ್ರದೇಶದ ರಸ್ತೆಗಳಲ್ಲಿ.

ಈ ಸೀಮೆಯ ದಾರಿಗಳ ಸ್ವಭಾವವನ್ನು ಅರಿಯಬೇಕಾದರೆ ಮೊದಲು ಇಲ್ಲಿನ ನಾಲೆಯನ್ನು ಅರಿಯಬೇಕು. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು ಪಾಂಡವಪುರದ ಬಯಲನ್ನು ಹಾಯ್ದು, ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗದಲ್ಲಿ ಗುಡ್ಡಸಾಲನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯುವ ಈ ಕಾಲುವೆಗೆ ಮೊದಲು ವೈಸರಾಯ್ ಇರ್ವಿನ್ ಅವರ ಹೆಸರಿತ್ತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು; ಜನರ ಬಾಯಲ್ಲಿ ವಿ.ಸಿ. ನಾಲೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಸಿದ್ಧವಾದ ಈ ನಾಲೆ ಮಳೆಯನ್ನೇ ನಂಬಿದ್ದ ನೆಲಕ್ಕೆ ನೀರು ತಂದಿತು. ರಾಗಿ, ಹುರುಳಿ ಬೆಳೆಯುತ್ತಿದ್ದಲ್ಲಿ ಭತ್ತ ಮತ್ತು ಕಬ್ಬು ಬಂದವು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವಷ್ಟು ಈ ಸೀಮೆ ಬೆಳೆದದ್ದು ಈ ನೀರಿನಿಂದಲೇ. ಈ ಋಣವನ್ನು ಇಲ್ಲಿನವರು ಮರೆತಿಲ್ಲ. ವಿಶ್ವೇಶ್ವರಯ್ಯನವರ ಭಾವಚಿತ್ರವಿಲ್ಲದ ಶಾಲೆಯನ್ನು ಮಂಡ್ಯ ಜಿಲ್ಲೆಯಲ್ಲಿ ಹುಡುಕುವುದು ಕಷ್ಟ.

ನೀರನ್ನು ತಗ್ಗಿಗೆ ಹರಿಯಬಿಡುವುದು ಸುಲಭ. ಎತ್ತರವನ್ನು ಕಳೆದುಕೊಳ್ಳದೆ ದೂರ ಒಯ್ಯುವುದು ಕಷ್ಟ. ಅದಕ್ಕಾಗಿ ನಾಲೆಯನ್ನು ನೆಲದ ಸಮಮಟ್ಟವನ್ನೇ ಅನುಸರಿಸಿ ಕಡೆಯುತ್ತಾರೆ. ದಿಣ್ಣೆ ಅಡ್ಡಬಂದರೆ ಅದನ್ನು ಬಳಸಿ, ಹಳ್ಳ ಅಡ್ಡಬಂದರೆ ಒಳಸರಿದು, ಹಾವಿನಂತೆ ಡೊಂಕುಡೊಂಕಾಗಿ ನಾಲೆ ಸಾಗುತ್ತದೆ. ಅದರ ಮಗ್ಗುಲ ಏರಿಯ ಮೇಲಿನ ದಾರಿಯೂ ಹಾಗೆಯೇ ಡೊಂಕು. ನಾಲೆಯ ಏರಿಯ ದಾರಿ ಮೂಲತಃ ಕಾಲುವೆಯ ಉಸ್ತುವಾರಿಗೆಂದು ಮಾಡುವ ದಾರಿ: ತೂಬನ್ನು ನೋಡಲು ಹೋಗುವ ಸೌಡಿ, ಏರಿ ಕುಸಿದಿದೆಯೇ ಎಂದು ಪರೀಕ್ಷಿಸುವ ಇಂಜಿನಿಯರು, ಗದ್ದೆಗೆ ಗೊಬ್ಬರ ಹೊತ್ತ ಎತ್ತಿನ ಗಾಡಿ ಇಷ್ಟಕ್ಕೇ ಸಾಲುವಂಥದು. ಎತ್ತು ನೀರನ್ನು ಕಂಡರೆ ತಾನೇ ಸರಿದು ನಡೆಯುತ್ತದೆ. ಕಾಲ ಕಳೆದಂತೆ ಇಂಥ ದಾರಿಗಳ ಮೇಲೆ ಜಲ್ಲಿ ಬಿತ್ತು, ಡಾಂಬರು ಬಿತ್ತು. ಮೋಟಾರು ಸೈಕಲ್ಲು, ಕಾರು, ಬಸ್ಸು ಬಂದವು. ದಾರಿಯ ಮೈ ನುಣುಪಾಯಿತು, ವೇಗ ಹೆಚ್ಚಿತು. ದಾರಿಯ ಡೊಂಕು ಮಾತ್ರ ಹಾಗೆಯೇ ಉಳಿಯಿತು. ಎತ್ತಿನ ಗಾಡಿಗೆ ಬೇಕಿಲ್ಲದಿದ್ದ ತಡೆಗೋಡೆ ಬಸ್ಸಿಗೆ ಬೇಕೆಂಬುದು ಡಾಂಬರು ಹಾಕಿದವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಹಣ ಸಾಲಲಿಲ್ಲವೋ, ಅಂತೂ ಎಷ್ಟೋ ಕಡೆ ಡಾಂಬರಿಗೂ ನೀರಿಗೂ ನಡುವೆ ಹುಲ್ಲು ಬೆಳೆದ ಮಣ್ಣಿನ ಅಂಚಲ್ಲದೆ ಬೇರೇನೂ ಇರಲಿಲ್ಲ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ವದೇಸಮುದ್ರದಿಂದ ಮಂಡ್ಯದ ಕಡೆಗೆ ಹೊರಟಿದ್ದ ಖಾಸಗಿ ಬಸ್ಸೊಂದು ಮಧ್ಯಾಹ್ನದ ವೇಳೆಗೆ ಕನಗನಮರಡಿಯ ಬಳಿ ದಾರಿತಪ್ಪಿ ವಿ.ಸಿ. ನಾಲೆಗೆ ಉರುಳಿತು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಬಾಗಿಲಿದ್ದ ಎಡಮಗ್ಗುಲೇ ಕೆಳಗಾಗಿ ಬಸ್ಸು ಮುಳುಗಿದುದರಿಂದ ಒಳಗಿದ್ದವರಿಗೆ ಹೊರಬರುವ ದಾರಿಯೇ ಮುಚ್ಚಿಹೋಯಿತು. ಸುತ್ತಲಿನ ಹಳ್ಳಿಗಳ ಜನ ಓಡಿಬಂದು ನೀರಿಗಿಳಿದರು. ಆದರೂ 30 ಮಂದಿ ಮರಣಹೊಂದಿದರು. ಅದೇ ರಾತ್ರಿ ಮಂಡ್ಯದವರೇ ಆದ ನಟ, ಮಾಜಿ ಸಚಿವ ಅಂಬರೀಷ್ ಬೆಂಗಳೂರಿನಲ್ಲಿ ತೀರಿಕೊಂಡರು. ಜಿಲ್ಲೆಗೆ ಒಂದೇ ದಿನ ಎರಡು ಶೋಕ ಬಂದಿತು. ಮರುದಿನ ನಾಡಿನ ಗಮನ ಬಹುಪಾಲು ಎರಡನೆಯ ಸುದ್ದಿಯ ಕಡೆಗೆ ಹರಿಯಿತು. ಕನಗನಮರಡಿಯ ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಮೊದಲನೆಯದೇ ಉಳಿಯಿತು.

ದುರಂತದ ತರುವಾಯ ವಿಚಾರಣೆಗಳು ನಡೆದವು. ಚಾಲಕನ ಅಜಾಗರೂಕತೆ, ಬಸ್ಸಿನ ಹಳತನ, ತಡೆಗೋಡೆಯ ಅಭಾವ ಮೊದಲಾದ ಮಾತುಗಳೆಲ್ಲ ಬಂದವು. ನಾಲೆಯ ಅಂಚಿಗೆ ಗೋಡೆ ಕಟ್ಟಬೇಕೆಂಬ ಕೂಗು ಎದ್ದಿತು. ಐದು ವರ್ಷಗಳಾದವು. 2023ರ ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿಯ ಬಳಿ ಕಾರೊಂದು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು ಸತ್ತರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಪಾಂಡವಪುರದ ಬಳಿ ಬನಘಟ್ಟದಲ್ಲಿ ಮತ್ತೊಂದು ಕಾರು ವಿ.ಸಿ. ನಾಲೆಗೆ ಬಿದ್ದು ಐವರು ಸತ್ತರು.

ಈ ಮೂರು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೂರೂ ಬೇರೆ ಬೇರೆ ಊರುಗಳಲ್ಲಿ ನಡೆದವು. ಕನಗನಮರಡಿಯಲ್ಲಿ ಬಸ್ಸು ಬಿದ್ದ ಜಾಗದಲ್ಲಿಯೇ ಕೋಟೆಯಂಥ ಗೋಡೆಯನ್ನು ಕಟ್ಟಿದ್ದರೂ ಗಾಮನಹಳ್ಳಿಯ ನಾಲ್ವರನ್ನಾಗಲಿ ಬನಘಟ್ಟದ ಐವರನ್ನಾಗಲಿ ಅದು ಉಳಿಸುತ್ತಿರಲಿಲ್ಲ. ಊರು ಬೇರೆ, ದಿನ ಬೇರೆ, ವಾಹನ ಬೇರೆ. ಆದರೆ ವಾಹನಗಳನ್ನು ನುಂಗಿದ್ದು ರಸ್ತೆಯ ಮಗ್ಗುಲಲ್ಲೇ ಹರಿಯುವ ನೀರು, ಮೂರು ಕಡೆಯೂ ಅದೇ.

ರಸ್ತೆಗಳ ಸುಧಾರಣೆಗೆ ಹಣವನ್ನು ಹಂಚುವವರು ಸಾಮಾನ್ಯವಾಗಿ ಅನುಸರಿಸುವ ಒಂದು ಕ್ರಮವಿದೆ. ಅಪಘಾತಗಳು ಎಲ್ಲಿ ಹೆಚ್ಚಾಗಿ ನಡೆದಿವೆಯೋ ಅಲ್ಲಿ ನಕ್ಷೆಯ ಮೇಲೆ ಕಪ್ಪು ಗುರುತು ಹಾಕುತ್ತಾರೆ. ಅಂಥ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಎಂದು ಹೆಸರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ರಾಷ್ಟ್ರೀಯ ಹೆದ್ದಾರಿಗಳಿಗೆ ಇದರ ಸೂತ್ರವನ್ನು ನಿಗದಿಮಾಡಿದೆ: ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಸಾವನ್ನು ಅಥವಾ ತೀವ್ರ ಗಾಯವನ್ನು ಉಂಟುಮಾಡಿದ 5 ಅಪಘಾತಗಳು ನಡೆದಿದ್ದರೆ, ಇಲ್ಲವೇ 10 ಮಂದಿ ಸತ್ತಿದ್ದರೆ, ಅದು ಬ್ಲ್ಯಾಕ್ ಸ್ಪಾಟ್. ದಿನಕ್ಕೆ ಸಾವಿರಾರು ವಾಹನಗಳು ಓಡುವ ಹೆದ್ದಾರಿಗೆ ಈ ಕ್ರಮ ತಕ್ಕುದೇ ಸರಿ. ಅಲ್ಲಿ ಕೆಟ್ಟ ತಿರುವು ತನ್ನ ಕೆಟ್ಟತನವನ್ನು ಬೇಗ ತೋರಿಸಿಬಿಡುತ್ತದೆ.

ಹಳ್ಳಿಯ ದಾರಿಯಲ್ಲಿ ಹಾಗಲ್ಲ. ಅಲ್ಲಿ ವಾಹನಗಳು ವಿರಳ. ಅತಿ ಅಪಾಯದ ತಿರುವೊಂದು ಹತ್ತು ವರ್ಷ ಯಾರನ್ನೂ ಕೊಲ್ಲದೆ ಸುಮ್ಮನಿರಬಹುದು. ಹನ್ನೊಂದನೆಯ ವರ್ಷ ಒಮ್ಮೆಗೇ ಮೂವತ್ತು ಮಂದಿಯನ್ನು ತೆಗೆದುಕೊಳ್ಳಬಹುದು. ನವೆಂಬರ್ 24ರ ಸಂಜೆ ಸೂತ್ರದ ಪ್ರಕಾರ ಲೆಕ್ಕಹಾಕಿದ್ದರೆ ಕನಗನಮರಡಿಯ ಆ ಜಾಗ ಎಲ್ಲ ಪಟ್ಟಿಗಳಿಗಿಂತ ಮೇಲಿನ ಸಾಲಿನಲ್ಲಿ ಬರುತ್ತಿತ್ತು. ಹಿಂದಿನ ದಿನವೂ ಅಲ್ಲಿ ಅದೇ ನೀರು, ಅದೇ ಅಂಚು ಇದ್ದವು. ಆದರೆ ಸಾವಿನ ಸಂಖ್ಯೆಯನ್ನು ಎಣಿಸುವ ಕ್ರಮ ಸಾವು ಬರುವವರೆಗೆ ಕಾಯಲೇಬೇಕು.

ಆದುದರಿಂದ ಗ್ರಾಮೀಣ ರಸ್ತೆಗಳ ವಿಷಯದಲ್ಲಿ ತಜ್ಞರು ಬೇರೊಂದು ದಾರಿಯನ್ನು ಹಿಡಿಯುತ್ತಾರೆ. ಇಲ್ಲಿ ಎಣಿಸುವುದು ಅಪಘಾತ ನಡೆದ ಜಾಗವನ್ನಲ್ಲ, ಅಪಘಾತಕ್ಕೆ ಕಾರಣವಾಗುವ ಲಕ್ಷಣವನ್ನು. ಇಡೀ ತಾಲ್ಲೂಕಿನಲ್ಲಿ ಕೆಲವು ವರ್ಷಗಳಿಂದ ನಡೆದ ಅಪಘಾತಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದರೆ ಕೆಲವು ಲಕ್ಷಣಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: ನೀರಿನ ಮಗ್ಗುಲಲ್ಲಿ ತಡೆಯಿಲ್ಲದ ತಿರುವು, ಅಗಲವಾದ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗುವ ಸೇತುವೆ, ಕಬ್ಬು ಬೆಳೆದು ಮರೆಮಾಡಿದ ಕೂಡುದಾರಿ, ರಸ್ತೆಗೆ ಒತ್ತಿಕೊಂಡಂತೆ ನಿಂತ ಹುಣಸೆಯ ಬೊಡ್ಡೆ. ಲಕ್ಷಣ ತಿಳಿದ ಮೇಲೆ ಆ ಲಕ್ಷಣವಿರುವ ಜಾಗಗಳನ್ನೆಲ್ಲ ಹುಡುಕಿ ಪಟ್ಟಿಮಾಡುವುದು ಮುಂದಿನ ಕೆಲಸ. ಅಲ್ಲಿ ಹಿಂದೆ ಅಪಘಾತ ನಡೆದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ವೈದ್ಯನು ಜ್ವರ ಬಂದವನಿಗೆ ಮದ್ದು ಕೊಡುವುದು ಒಂದು ರೀತಿ. ಕೆಟ್ಟ ನೀರು ಕುಡಿಯುವ ಕೇರಿಯನ್ನು ಗುರುತಿಸಿ ಬಾವಿಯನ್ನೇ ಶುದ್ಧಿಮಾಡುವುದು ಇನ್ನೊಂದು ರೀತಿ. ಎರಡೂ ಬೇಕು. ಎರಡನೆಯದು ನಮ್ಮಲ್ಲಿ ತಡವಾಗಿ ನೆನಪಾಗುತ್ತದೆ.

ಈ ಹುಡುಕಾಟವನ್ನು ಕಚೇರಿಯಲ್ಲಿ ಕುಳಿತು ಮಾಡಲಾಗುವುದಿಲ್ಲ. ದಾರಿಯನ್ನು ಹಗಲಿನಲ್ಲಿ ಒಮ್ಮೆ, ಇರುಳಿನಲ್ಲಿ ಒಮ್ಮೆ ಕ್ರಮಿಸಬೇಕು. ಹಗಲು ಸಾಧುವಾಗಿ ಕಾಣುವ ತಿರುವು ಇರುಳಿನಲ್ಲಿ ಬೇರೆಯೇ ಆಗುತ್ತದೆ. ಬಿಳಿಗೆರೆಯಿಲ್ಲದ ಕಪ್ಪು ಡಾಂಬರು, ಅದರ ಪಕ್ಕದಲ್ಲಿ ಕಪ್ಪು ನೀರು. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ ಎಲ್ಲಿ ರಸ್ತೆ ಮುಗಿಯಿತು, ಎಲ್ಲಿ ನಾಲೆ ಮೊದಲಾಯಿತು ಎಂಬುದೇ ತಿಳಿಯದು. ಮಳೆಗಾಲದಲ್ಲಿಯೂ ಒಮ್ಮೆ ನೋಡಬೇಕು. ಬೇಸಿಗೆಯಲ್ಲಿ ಕಾಣುವ ಅಂಚನ್ನು ಆಗ ಹುಲ್ಲು ಮುಚ್ಚಿರುತ್ತದೆ. ಇದಲ್ಲದೆ ದಾಖಲೆಗೆ ಬಾರದ ಸಾಕ್ಷಿಗಳೂ ದಾರಿಯಲ್ಲಿಯೇ ಇರುತ್ತವೆ: ಮುರಿದ ಕಾವಲುಗಲ್ಲು, ಮರದ ಕಾಂಡದ ಮೇಲೆ ಬಣ್ಣ ಮೆತ್ತಿದ ಗಾಯ, ಅಂಚಿನ ಮಣ್ಣಿನಲ್ಲಿ ಚಕ್ರ ಉಜ್ಜಿದ ಗುರುತು. ಯಾರೋ ಬೀಳಲಿದ್ದು ಬದುಕಿಕೊಂಡಿದ್ದಾರೆ. ಬದುಕಿದವನು ಪೊಲೀಸ್ ಠಾಣೆಗೆ ಹೋಗುವುದಿಲ್ಲವಾದ್ದರಿಂದ ಯಾವ ಪುಸ್ತಕದಲ್ಲಿಯೂ ಅದು ಇಲ್ಲ. ಮುಂಜಾನೆ ಡೈರಿಗೆ ಹಾಲು ಹಾಕಲು ಹೋಗುವವರಿಗೆ, ಅದೇ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳಿಗೆ ಮಾತ್ರ ಅದು ಗೊತ್ತು. ಅಪಘಾತ ನಡೆದ ಸ್ಥಳವನ್ನು ಪೊಲೀಸರು ಮೊಬೈಲ್ ಫೋನಿನ ಮೂಲಕ ಸ್ಥಳದಲ್ಲಿಯೇ ದಾಖಲಿಸುವ ವ್ಯವಸ್ಥೆಯನ್ನು ದೇಶದಲ್ಲಿ ಮೊದಲು ಪರೀಕ್ಷಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆಗಲಿದ್ದು ತಪ್ಪಿದ ಅಪಘಾತವನ್ನು ದಾಖಲಿಸುವ ಯಂತ್ರ ಇನ್ನೂ ಊರಿನವರ ನೆನಪೇ.

ಜಾಗಗಳ ಪಟ್ಟಿ ಸಿದ್ಧವಾಯಿತೆಂದು ಭಾವಿಸೋಣ. ಪಟ್ಟಿ ಉದ್ದವಾಗಿಯೇ ಇರುತ್ತದೆ, ಹಣ ಗಿಡ್ಡವಾಗಿರುತ್ತದೆ. ಆಗ ಏಳುವ ಪ್ರಶ್ನೆ: ಮೊದಲು ಯಾವ ತಿರುವು? ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಸಂಖ್ಯೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನೀರಿನ ಮಗ್ಗುಲ ದಾರಿ ಒಟ್ಟು 40 ಕಿಲೋಮೀಟರ್ ಇದೆ. ಉಕ್ಕಿನ ತಡೆಬೇಲಿಗೆ ಕಿಲೋಮೀಟರಿಗೆ 30 ಲಕ್ಷ ರೂಪಾಯಿ ಬೇಕು. ಪೂರ್ತಿ ದಾರಿಗೆ 12 ಕೋಟಿ. ಕೈಯಲ್ಲಿರುವುದು 1 ಕೋಟಿ. ಮೊದಲ ಊರಿನಿಂದ ಆರಂಭಿಸಿ ಹಣ ಮುಗಿಯುವವರೆಗೆ ಬೇಲಿ ಹಾಕುತ್ತ ಹೋದರೆ ಮೂರು ಕಿಲೋಮೀಟರು ದಾಟಿದೊಡನೆ ಹಣ ಮುಗಿಯಿತು. ಉಳಿದ ಮೂವತ್ತಾರು ಚಿಲ್ಲರೆ ಕಿಲೋಮೀಟರು ಹಿಂದಿನಂತೆಯೇ. ಇನ್ನೊಂದು ವಿಧಾನದಲ್ಲಿ, ಇಪ್ಪತ್ತು ಅತಿ ಕೆಟ್ಟ ತಿರುವುಗಳನ್ನು ಆರಿಸಿ ತಿರುವೊಂದಕ್ಕೆ 100 ಮೀಟರಿನಂತೆ ಬೇಲಿ ಹಾಕಿದರೆ 2 ಕಿಲೋಮೀಟರಿಗೆ 60 ಲಕ್ಷ ಆಗುತ್ತದೆ. ಉಳಿದ 40 ಲಕ್ಷದಲ್ಲಿ ಮಿಕ್ಕ 38 ಕಿಲೋಮೀಟರಿನ ಅಂಚಿಗೂ, ಇಪ್ಪತ್ತು ಮೀಟರಿಗೊಂದರಂತೆ, ದೀಪದ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿದ ಗೂಟಗಳನ್ನು ನೆಡಬಹುದು. ಗೂಟವೊಂದಕ್ಕೆ 2,000 ರೂಪಾಯಿಯಾದರೆ 38 ಲಕ್ಷ. ಮಿಕ್ಕ 2 ಲಕ್ಷದಲ್ಲಿ ಕೂಡುದಾರಿಗಳ ಪೊದೆ ಸವರಿಸಬಹುದು. ಹಣ ಅಷ್ಟೇ; ಮೊದಲನೆಯದರಲ್ಲಿ ಕೆಲವೇ ಊರಿಗೆ ಪೂರ್ಣ ರಕ್ಷಣೆ, ಎರಡನೆಯದರಲ್ಲಿ ಎಲ್ಲ ಊರಿಗೂ ಕನಿಷ್ಠ ರಕ್ಷಣೆ, ಅತಿ ಕೆಟ್ಟ ತಿರುವುಗಳಿಗೆ ಪೂರ್ಣ ರಕ್ಷಣೆ. ಗೂಟ ಬಸ್ಸನ್ನು ತಡೆಯಲಾರದು, ನಿಜ. ಅದು ರಸ್ತೆ ತಿರುಗುತ್ತಿದೆಯೆಂದು ಹೇಳುತ್ತದೆ. ಎಷ್ಟೋ ಮಂದಿಗೆ ಅಷ್ಟು ಹೇಳಿದರೆ ಸಾಕು.

ಅತಿ ಕೆಟ್ಟ ತಿರುವು ಯಾವುದೆಂಬುದನ್ನು ನಿರ್ಧರಿಸಲು ಮೂರು ಪ್ರಶ್ನೆಗಳು ಸಾಕು. ಅಲ್ಲಿ ವಾಹನ ದಾರಿತಪ್ಪುವ ಸಂಭವ ಎಷ್ಟು? ತಪ್ಪಿದರೆ ಏನಾಗುತ್ತದೆ? ಅಲ್ಲಿ ದಿನವೂ ಹಾಯುವವರು ಎಷ್ಟು ಮಂದಿ? ಎರಡನೆಯ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಗದ್ದೆಗೆ ಇಳಿದ ಕಾರಿನಿಂದ ಮನುಷ್ಯ ಕೆಸರು ಮೆತ್ತಿಕೊಂಡು ಎದ್ದು ಬರಬಹುದು. ಕಾಂಕ್ರೀಟು ಹೊದಿಸಿದ ನಾಲೆಯ ಇಳಿಜಾರು ಪಾಚಿಗಟ್ಟಿರುತ್ತದೆ, ಹಿಡಿಯಲು ಬೇರೂ ಇಲ್ಲ ಬಳ್ಳಿಯೂ ಇಲ್ಲ. ಈಜು ಬಲ್ಲವನಿಗೂ ಹತ್ತಿಬರುವುದು ದುಸ್ತರ. ಆದುದರಿಂದ ಎರಡು ತಿರುವುಗಳು ಒಂದೇ ಸಮನಾಗಿ ಡೊಂಕಾಗಿದ್ದರೂ ಗದ್ದೆಯ ಮಗ್ಗುಲಿನದು ಕಾಯಬಹುದು, ನಾಲೆಯ ಮಗ್ಗುಲಿನದು ಕಾಯಲಾಗದು. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ವಿ.ಸಿ. ನಾಲೆಯಿಲ್ಲ, ಅಲ್ಲಿ ಕೆರೆಗಳಿವೆ. ಕೆರೆಯ ಏರಿಯ ಮೇಲೆ ಹಾಯುವ ದಾರಿಗೂ ಇದೇ ವಿಚಾರ ಸಲ್ಲುತ್ತದೆ.

ಮೊದಲನೆಯ ಪ್ರಶ್ನೆ ವೇಗಕ್ಕೆ ಸಂಬಂಧಿಸಿದುದು. ರಸ್ತೆ ನಿರ್ಮಾಣದ ನಿಯಮಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಲೆಕ್ಕದಂತೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಡ್ಡಿಯನ್ನು ಕಂಡು ನಿಲ್ಲಲು 45 ಮೀಟರ್ ದೂರ ಕಣ್ಣಿಗೆ ತೆರವಾಗಿರಬೇಕು. 80 ಕಿಲೋಮೀಟರ್ ವೇಗಕ್ಕೆ 120 ಮೀಟರ್. ವೇಗ ಇಮ್ಮಡಿಯಾದರೆ ಬೇಕಾಗುವ ದೂರ ಸುಮಾರು ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಆಳೆತ್ತರ ಬೆಳೆದ ಕಬ್ಬು ತಿರುವಿನ ಒಳಮಗ್ಗುಲಲ್ಲಿದ್ದರೆ ಮೂವತ್ತು ಮೀಟರಿನಾಚೆ ಏನಿದೆಯೆಂಬುದು ಕಾಣುವುದಿಲ್ಲ. ಅಂಥ ಕಡೆ ನಲವತ್ತೂ ಹೆಚ್ಚೇ. ರೈತನು ತಿರುವಿನ ಮೂಲೆಯಲ್ಲಿ ಮೂರು ಸಾಲು ಕಬ್ಬನ್ನು ಬಿಟ್ಟುಕೊಟ್ಟರೆ ಅಲ್ಲಿಗೆ ಒಂದು ರೂಪಾಯಿಯ ಕಾಮಗಾರಿಯೂ ಬೇಕಿಲ್ಲ. ಹಾಗೆ ಬಿಟ್ಟುಕೊಡುವವನು ಯಾರೆಂಬುದು ಬೇರೆ ಮಾತು. ಮೂರು ಸಾಲಿನ ಬೆಲೆಯನ್ನು ಅವನಿಗೆ ಕೊಡುವುದು ನ್ಯಾಯ.

ಅಪಘಾತವಾದೊಡನೆ ಹಳ್ಳಿಯವರು ರಸ್ತೆಯನ್ನು ತಡೆದು ಕೇಳುವುದು ತಡೆಗೋಡೆಯನ್ನಲ್ಲ, ಪೊದೆ ಸವರುವುದನ್ನಲ್ಲ; ರಸ್ತೆಗೆ ಉಬ್ಬನ್ನು. ಅವರ ದುಃಖ ಅರ್ಥವಾಗುವಂಥದು. ಆದರೆ ರಾತ್ರೋರಾತ್ರಿ ಹಾಕಿದ ಉಬ್ಬಿಗೆ ಅಳತೆಯಿಲ್ಲ, ಬಿಳಿ ಬಣ್ಣವಿಲ್ಲ, ಮುಂದಿದೆಯೆಂದು ಸಾರುವ ಫಲಕವಿಲ್ಲ. ಮೋಟಾರು ಸೈಕಲ್ಲಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಸಂತೆಯಿಂದ ಮರಳುವವನು ಕತ್ತಲಲ್ಲಿ ಅದರ ಮೇಲೆ ಹಾರುತ್ತಾನೆ. ಒಂದು ಸಾವನ್ನು ತಡೆಯಲು ಹಾಕಿದ್ದು ಇನ್ನೊಂದು ಸಾವಿಗೆ ಕಾರಣವಾಗುತ್ತದೆ. ಉಬ್ಬು ಕೆಟ್ಟದ್ದಲ್ಲ, ಶಾಲೆಯ ಮುಂದೆ, ಊರಿನ ಬಾಯಲ್ಲಿ, ಅಳತೆಯರಿತು ಹಾಕಿದ ಉಬ್ಬು ಒಳ್ಳೆಯ ಕಾವಲುಗಾರ.

ಸುಗ್ಗಿಯ ಕಾಲದಲ್ಲಿ ಇನ್ನೊಂದು ಅಪಾಯ ಒದಗುತ್ತದೆ. ಹಿಂದೆ ಪ್ರತಿಯೊಂದು ಹೊಲಕ್ಕೂ ಸಗಣಿ ಸಾರಿಸಿದ ಕಣವಿರುತ್ತಿತ್ತು; ರೋಣಗಲ್ಲು ಕಟ್ಟಿದ ಎತ್ತುಗಳು ತೆನೆಯನ್ನು ತುಳಿಯುತ್ತಿದ್ದವು. ಇಂದು ಎತ್ತುಗಳೂ ವಿರಳ, ಕಣವೂ ವಿರಳ. ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹಾಯುವ ಕಾರು ಲಾರಿಗಳೇ ರೋಣಗಲ್ಲು. ಹುಲ್ಲಿನ ಮೇಲೆ ದ್ವಿಚಕ್ರದ ಚಕ್ರ ಜಾರುತ್ತದೆ. ಹುರುಳಿಯ ಒಣಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು ಕಾರೇ ಸುಟ್ಟುಹೋದದ್ದುಂಟು. ಇದನ್ನು ದಂಡದಿಂದ ಮಾತ್ರ ನಿಲ್ಲಿಸುವೆನೆನ್ನುವವರು ರೈತನಿಗೆ ಬೇರೆ ಜಾಗವೆಲ್ಲಿದೆಯೆಂದು ಯೋಚಿಸಿದಂತಿಲ್ಲ. ಊರಿಗೊಂದು ಸಮುದಾಯದ ಕಣವನ್ನು ಕಟ್ಟಿಕೊಡುವುದೂ ರಸ್ತೆ ಸುರಕ್ಷತೆಯ ಕಾಮಗಾರಿಯೇ. ಯಾವ ಇಲಾಖೆಯ ಪಟ್ಟಿಯಲ್ಲಿ ಅದನ್ನು ಬರೆಯಬೇಕೆಂಬುದಷ್ಟೇ ತೊಡಕು. ಕಬ್ಬಿನ ಗಾಡಿಗಳ ಮಾತೂ ಹೀಗೆಯೇ. ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಗಾಡಿಯಿಂದ ಹೊರಚಾಚಿದ ಜಲ್ಲೆ ಕತ್ತಲಲ್ಲಿ ಹಿಂದೆ ಬರುವವನ ಕಣ್ಣಿಗೆ ಕಾಣದು. ಗಾಡಿಯ ಹಿಂದೆ ಹೊಳೆಯುವ ಪಟ್ಟಿಯನ್ನು ಅಂಟಿಸಲು ತಗಲುವ ಖರ್ಚು ಗಾಡಿಯಲ್ಲಿರುವ ಕಬ್ಬಿನ ಬೆಲೆಯ ಮುಂದೆ ಏನೂ ಅಲ್ಲ. ಕಾರ್ಖಾನೆಯ ತೂಕದ ಮನೆಯಲ್ಲಿ ಎಲ್ಲ ಗಾಡಿಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಅಂಟಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ.

ಇಷ್ಟೆಲ್ಲ ಏಕೆ, ಚಾಲಕನು ಎಚ್ಚರದಿಂದಿದ್ದರೆ ಸಾಲದೆ, ಎಂದು ಕೇಳುವವರಿದ್ದಾರೆ. ಚಾಲಕನ ಹೊಣೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯ ಎಡವುತ್ತಾನೆ. ಒಂದು ಕ್ಷಣ ತೂಕಡಿಸುತ್ತಾನೆ, ಕಣ್ಣಿಗೆ ಬೆಳಕು ಹೊಡೆಯುತ್ತದೆ, ಟೈರು ಸಿಡಿಯುತ್ತದೆ. ಆ ಒಂದು ಕ್ಷಣಕ್ಕೆ ಮೂವತ್ತು ಜೀವಗಳ ದಂಡ ತೆರಬೇಕೆ? 1997ರಲ್ಲಿ ಸ್ವೀಡನ್ನಿನ ಸಂಸತ್ತು ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಮನುಷ್ಯನು ತಪ್ಪುಮಾಡಿದರೂ ಪ್ರಾಣ ಹೋಗದಂತೆ ರಸ್ತೆಯನ್ನು ರೂಪಿಸುವುದು ರಸ್ತೆ ಕಟ್ಟುವವರ ಹೊಣೆಯೆಂಬ ನೀತಿಯನ್ನು ಅಂಗೀಕರಿಸಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರ್ನಾಟಕದಲ್ಲಿಯೇ ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿಯನ್ನು, ವಿಶ್ವಬ್ಯಾಂಕಿನ ನೆರವಿನಿಂದ, ಮಾದರಿ ಸುರಕ್ಷಿತ ರಸ್ತೆಯಾಗಿ ಸುಧಾರಿಸಲಾಯಿತು. ಅಲ್ಲಿ ರಸ್ತೆಯನ್ನು ಪರೀಕ್ಷಿಸಿ ಅದರ ಲಕ್ಷಣಗಳಿಗೆ ಅಂಕ ಕೊಟ್ಟರು. ಅಂಕ ಕಡಿಮೆ ಬಂದ ಕಡೆ ಕೆಲಸ ಮಾಡಿದರು. ಪೊಲೀಸರ ವೇಗ ತಪಾಸಣೆ, ಆಂಬುಲೆನ್ಸ್ ವ್ಯವಸ್ಥೆಗಳನ್ನೂ ಜೊತೆಗೂಡಿಸಿದರು. ಆ ಯೋಜನೆಯ ಮೌಲ್ಯಮಾಪನದಂತೆ ಸಾವುಗಳು ಅರ್ಧಕ್ಕರ್ಧ ಇಳಿದವು. ಚಾಲಕರು ಅದೇ ಜನ, ವಾಹನಗಳು ಅವೇ.

ವಿ.ಸಿ. ನಾಲೆಯ ದಾರಿಗಳಲ್ಲಿ ಇಂಥದನ್ನು ಮಾಡಲು ಅಡ್ಡಿಯಾಗುವುದು ಹಣವೊಂದೇ ಅಲ್ಲ. ನಾಲೆ ಕಾವೇರಿ ನೀರಾವರಿ ನಿಗಮದ್ದು. ಅದರ ಪಕ್ಕದ ರಸ್ತೆ ಒಂದೆಡೆ ಲೋಕೋಪಯೋಗಿ ಇಲಾಖೆಯದಾದರೆ ಇನ್ನೊಂದೆಡೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಹೆದ್ದಾರಿ ನಾಲೆಯನ್ನು ದಾಟುವ ಕಡೆ ಹೆದ್ದಾರಿಯವರದ್ದು. ತಡೆಗೋಡೆ ನೀರಿನವರ ಕೆಲಸವೋ ರಸ್ತೆಯವರ ಕೆಲಸವೋ ಎಂಬ ಪ್ರಶ್ನೆ ಕಡತದಿಂದ ಕಡತಕ್ಕೆ ಅಲೆಯುವುದು ಸುಲಭ. ವಾಹನ ಬೀಳುವಾಗ ಯಾವ ಇಲಾಖೆಯ ಮಣ್ಣಿನಿಂದ ಯಾವ ಇಲಾಖೆಯ ನೀರಿಗೆ ಬಿದ್ದೆನೆಂದು ನೋಡುವುದಿಲ್ಲ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಿದೆ. ಆ ಮೇಜಿನ ಮೇಲೆ ಇರಬೇಕಾದದ್ದು ಒಂದೇ ಪಟ್ಟಿ: ನೀರಿನ ಮಗ್ಗುಲ ತಿರುವುಗಳೆಲ್ಲ, ಇಲಾಖೆಯ ಹೆಸರನ್ನು ನೋಡದೆ, ಅಪಾಯದ ಕ್ರಮದಲ್ಲಿ. ಪ್ರಭಾವಿಗಳ ಊರಿನ ತಿರುವು ಅದರಲ್ಲಿ ಮೇಲಕ್ಕೇರಬಾರದು. ಕೇಳುವವರಿಲ್ಲದ ಊರಿನ ತಿರುವು ಕೆಳಕ್ಕಿಳಿಯಬಾರದು. ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಎರಡೂ ಕಷ್ಟವಾಗುತ್ತವೆ.

ಮುಂಗಾರಿನಲ್ಲಿ ಕನ್ನಂಬಾಡಿ ತುಂಬಿದಾಗ ನಾಲೆಗೆ ನೀರು ಬಿಡುತ್ತಾರೆ. ಏರಿಯ ಹುಲ್ಲು ಚಿಗುರುತ್ತದೆ, ಗದ್ದೆಗಳಲ್ಲಿ ನಾಟಿ ಮೊದಲಾಗುತ್ತದೆ. ಹೊತ್ತು ಮುಳುಗಿದ ಮೇಲೆ ಕೆಲಸ ಮುಗಿಸಿದ ಜನ ನಾಲೆಯ ದಾರಿಯಲ್ಲಿ ಊರಿಗೆ ಮರಳುತ್ತಾರೆ. ಗೂಟಗಳನ್ನು ನೆಟ್ಟಿರುವ ತಿರುವಿನಲ್ಲಿ ಗಾಡಿಯ ದೀಪ ಬಿದ್ದೊಡನೆ ಅಂಚಿನ ಬೆಳಕುಗಳು ಒಂದಾದ ಮೇಲೊಂದು ಹೊತ್ತಿಕೊಂಡು, ನೀರು ಎಲ್ಲಿದೆ, ದಾರಿ ಎತ್ತ ತಿರುಗುತ್ತದೆ ಎಂಬುದನ್ನು ಸವಾರನಿಗೆ ಮೊದಲೇ ತೋರಿಸುತ್ತವೆ. ನೆಡದಿರುವ ತಿರುವಿನಲ್ಲಿ ಅವನು ನೆನಪಿನಿಂದಲೇ ತಿರುಗಬೇಕು.